ಅಟ್ಟ ಸೇರುವ ಎರಿಯೂ ಕಾಡಿನ ಜೇನೂ

ಜೇನುಕೃಷಿಯ ಬಗ್ಗೆ ಪಶ್ಚಿಮ ದೇಶಗಳಲ್ಲಿ ಬರೆದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕೊನೆಯ ಕಡೆಗೆ ಒಂದು ಅಧ್ಯಾಯವಿರುತ್ತದೆ. ಜೇನು ತೆಗೆದಾದ ಮೇಲೆ ಸಲಕರಣೆಗಳನ್ನು ಚಳಿಗಾಲಕ್ಕಾಗಿ ಎತ್ತಿಡುವುದು ಹೇಗೆ ಎಂಬುದು ಅದರ ವಿಷಯ. ಖಾಲಿ ಎರಿಗಳನ್ನು ಬೆಂಕಿ ಹಾಕದ ತಣ್ಣನೆಯ ಕೊಟ್ಟಿಗೆಯಲ್ಲಿ ಪೇರಿಸಿ, ಇಲಿ ನುಗ್ಗದಂತೆ ಮುಚ್ಚಿ, ವಸಂತ ಬರುವ ತನಕ ಮುಟ್ಟದಿರಿ ಎಂಬುದು ಅದರ ತಾತ್ಪರ್ಯ. ಅಮೆರಿಕದ ಪಾದ್ರಿ ಲಾಂಗ್‌ಸ್ಟ್ರಾತ್ 1852ರಲ್ಲಿ ಚಲಿಸುವ ಚೌಕಟ್ಟಿನ ಪೆಟ್ಟಿಗೆಗೆ ಪೇಟೆಂಟ್ ಪಡೆದ ಸೀಮೆಯಲ್ಲಿ ಆ ಮಾತು ಸರಿ. ಅಲ್ಲಿ ಹಿಮ ಬೀಳುತ್ತದೆ. ಎರಿಯನ್ನು ತಿನ್ನುವ ಹುಳುವನ್ನೂ ಅದರ ಮೊಟ್ಟೆಯನ್ನೂ ಕೊಲ್ಲುವ ಕೆಲಸವನ್ನು ಚಳಿಯೇ ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ನಮ್ಮ ಸವಣೂರಿಗೆ ಆ ಭಾಗ್ಯವಿಲ್ಲ. (ಹಾವೇರಿ ಜಿಲ್ಲೆಯ ನವಾಬರ ಸವಣೂರನ್ನು ಹೇಳುತ್ತಿಲ್ಲ, ಪುತ್ತೂರು, ಸುಳ್ಯ, ಕಡಬಗಳ ನಡುವಿನ ಅಡಿಕೆ, ಗೇರು, ರಬ್ಬರುಗಳ ಸವಣೂರು.) ಇಲ್ಲಿ ಡಿಸೆಂಬರ್–ಜನವರಿಯ ಚಳಿ ಜೇನಿಗೆ ಕಷ್ಟಕಾಲವೇ ಅಲ್ಲ, ಅಂಟುವಾಳ ಹೂಬಿಟ್ಟು ಮುಗಿಸಿ, ಗೇರು ಹೂವಾಗುತ್ತ, ಕುಟುಂಬಗಳು ದಿನದಿನಕ್ಕೆ ಬೆಳೆಯುವ ಸಮಯ ಅದು. ನಮ್ಮ ಜೇನಿನ ನಿಜವಾದ ಚಳಿಗಾಲ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲ. ಸಲಕರಣೆ ಎತ್ತಿಡುವ ಅಧ್ಯಾಯವನ್ನು ನಾವು ನಮ್ಮದೇ ಪಂಚಾಂಗಕ್ಕೆ ಹೊಂದಿಸಿ ಬರೆದುಕೊಳ್ಳಬೇಕಿತ್ತು. ಬರೆದುಕೊಂಡಿಲ್ಲ. ಅದರ ಬೆಲೆಯನ್ನು ಜೇನು ಸಾಕುವವನು ಸ್ವಲ್ಪ ತೆರುತ್ತಾನೆ, ಕಾಡು ಹೆಚ್ಚು ತೆರುತ್ತದೆ ಎಂಬುದೇ ಈ ಲೇಖನದ ವಾದ.

ವರ್ಷದ ಲೆಕ್ಕವನ್ನು ಒಮ್ಮೆ ನೋಡೋಣ. ನಮ್ಮ ಪೆಟ್ಟಿಗೆಗಳಲ್ಲಿ ಇರುವುದು ತುಡುವೆ ಜೇನು. ಜನವರಿಯಲ್ಲಿ ಎಲೆ ಉದುರಿಸಿದ ರಬ್ಬರು ಮರ ಫೆಬ್ರವರಿ–ಮಾರ್ಚಿನಲ್ಲಿ ಚಿಗುರುತ್ತದೆ. ಎಳೆ ಎಲೆಯ ತೊಟ್ಟಿನ ತುದಿಯ ಗ್ರಂಥಿಗಳಲ್ಲಿ ಮಕರಂದ ಒಸರುತ್ತದೆ. ಹೂವಿನದಲ್ಲದ ಈ ಮಕರಂದವೇ ಇಂದು ನಮ್ಮ ಸೀಮೆಯ ಜೇನಿನ ದೊಡ್ಡ ಪಾಲು. ಎಲೆ ಬಲಿತೊಡನೆ ಅದು ನಿಲ್ಲುತ್ತದೆ. ಆಮೇಲೆ ಏಪ್ರಿಲ್–ಮೇ ತಿಂಗಳಲ್ಲಿ ನೇರಳೆ, ಮತ್ತಿ ಮೊದಲಾದ ಕಾಡುಮರಗಳು ಕೊಡುವುದೇ ಗತಿ. ಆ ಕಾಡುಮರಗಳಿದ್ದ ಗುಡ್ಡಗಳಲ್ಲಿ ಎಷ್ಟೋ ಕಡೆ ಈಗ ರಬ್ಬರೇ ಇದೆ. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳ ಪುನರ್ವಸತಿಗಾಗಿ ಅರಣ್ಯ ಅಭಿವೃದ್ಧಿ ನಿಗಮ ಸುಳ್ಯ, ಪುತ್ತೂರುಗಳಲ್ಲಿ ರಬ್ಬರು ಬೆಳೆಸಿತು. ಅದನ್ನು ನೋಡಿ ಖಾಸಗಿಯವರೂ ಬೆಳೆಸಿದರು. ಎರಡು ತಿಂಗಳ ಸುಗ್ಗಿಯನ್ನು ಕೊಟ್ಟ ಮರವೇ ಉಳಿದ ತಿಂಗಳುಗಳ ಹಸಿವನ್ನು ಉದ್ದ ಮಾಡಿದೆ. ಜೂನ್ ಬಂತೆಂದರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯ ಈ ಜಿಲ್ಲೆಯಲ್ಲಿ ನೊಣ ಹೊರಗೆ ಹಾರುವ ದಿನಗಳೇ ವಿರಳ. ತೆಂಗು, ಅಡಿಕೆಯ ಪರಾಗ ಅಷ್ಟಿಷ್ಟು ಸಿಗಬಹುದು, ಮಕರಂದವಿಲ್ಲ. ರಾಣಿ ಮೊಟ್ಟೆ ಇಡುವುದನ್ನು ಇಳಿಸುತ್ತದೆ, ಕುಟುಂಬ ಕುಗ್ಗುತ್ತದೆ. ಆಟಿಯ ಹೊತ್ತಿಗೆ ಆರೇಳು ಎರಿ ತುಂಬಿದ್ದ ಕುಟುಂಬ ಮೂರು ನಾಲ್ಕು ಎರಿಗೆ ಬಂದು ನಿಲ್ಲುವುದು ಸಹಜ.

ಇಂತಹ ಕುಟುಂಬದ ತಲೆಯ ಮೇಲೆ ನಾವು ಏನನ್ನು ಬಿಟ್ಟಿರುತ್ತೇವೆ? ಸೂಪರ್ ಎಂದು ಕರೆಯುವ ಖಾಲಿ ಜೇನುಕೋಣೆಯನ್ನು. ‘ಇದ್ದರೆ ಇರಲಿ, ನೊಣವೇ ನೋಡಿಕೊಳ್ಳುತ್ತದೆ’ ಎಂಬ ಭಾವನೆ ವ್ಯಾಪಕವಾಗಿದೆ. ಬೇಸಗೆಯಲ್ಲಿ ಆ ಮಾತು ನಿಜ, ಏಕೆಂದರೆ ಬಲಿಷ್ಠ ಕುಟುಂಬಕ್ಕಿಂತ ಒಳ್ಳೆಯ ಎರಿ ಭಂಡಾರ ಮತ್ತೊಂದಿಲ್ಲ. ಆದರೆ ಮಳೆಗಾಲದ ಕುಟುಂಬ ತಾನು ಮುಚ್ಚಿ ಕೂರಲಾಗುವಷ್ಟು ಎರಿಯನ್ನು ಮಾತ್ರ ಕಾಯಬಲ್ಲದು. ಉಳಿದ ಜಾಗ ಮೇಣದ ಪತಂಗದ ಪಾಲಾಗುತ್ತದೆ.

ಈ ಪತಂಗದ ಸ್ವಭಾವವನ್ನು ತಿಳಿಯದೆ ಎರಿಯನ್ನು ಕಾಪಾಡಲಾಗದು. ದೊಡ್ಡದು, ಸಣ್ಣದು ಎಂದು ಎರಡು ಜಾತಿ. ಹೆಚ್ಚು ನಷ್ಟ ದೊಡ್ಡದರಿಂದ. ಬೂದು ಬಣ್ಣದ ಹೆಣ್ಣು ಪತಂಗ ರಾತ್ರಿ ಹೊತ್ತು ಹಲಗೆಯ ಸಂದಿನಲ್ಲಿ ಗೊಂಚಲು ಗೊಂಚಲಾಗಿ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಹುಳು ಎರಿಯ ನಡುಗೋಡೆಯುದ್ದಕ್ಕೂ ರೇಷ್ಮೆಯಂಥ ನೂಲಿನ ಸುರಂಗ ಹೆಣೆಯುತ್ತ ಸಾಗುತ್ತದೆ. ಹೆಸರು ಮೇಣದ ಹುಳುವಾದರೂ ಬರಿಯ ಮೇಣದಿಂದ ಅದು ಬೆಳೆಯಲಾರದು. ಮರಿ ಬೆಳೆದ ಕೋಶಗಳಲ್ಲಿ ಉಳಿದ ಪೊರೆ, ಪರಾಗದ ಶೇಷ ಅದಕ್ಕೆ ಬೇಕು. ಆದ್ದರಿಂದಲೇ ಸಂಸಾರಕೋಣೆಯ ಕಪ್ಪು ಎರಿಗೆ ಹುಳು ಬೇಗ ಬೀಳುತ್ತದೆ, ಜೇನು ಮಾತ್ರ ತುಂಬಿದ್ದ ಬಿಳಿ ಎರಿಗೆ ತಡವಾಗಿ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಪತಂಗವಾಗುವುದಕ್ಕೆ ಆರೇಳು ವಾರ ಸಾಕು. ಜೂನ್‌ನಿಂದ ಸೆಪ್ಟೆಂಬರಿನೊಳಗೆ ಎರಡು ತಲೆಮಾರು ಮುಗಿಯುತ್ತದೆ ಎಂದಾಯಿತು. ಅಕ್ಟೋಬರಿನಲ್ಲಿ ಅಟ್ಟದಿಂದ ಇಳಿಸಿದ ಸೂಪರಿನಲ್ಲಿ ಎರಿಯ ಬದಲು ಕರಿಯ ಹಿಕ್ಕೆ ಸಿಕ್ಕಿಕೊಂಡ ಬಲೆಯ ಮುದ್ದೆ, ಚೌಕಟ್ಟಿನ ಮರದಲ್ಲಿ ದೋಣಿಯಾಕಾರದ ಗುಳಿಗಳು — ಇದನ್ನು ಕಾಣದ ಜೇನು ಸಾಕಣೆದಾರ ನಮ್ಮಲ್ಲಿ ಯಾರಿದ್ದಾರೆ?

‘ಹೋದರೆ ಹೋಗಲಿ, ಮೇಣದ ಹಾಳೆ ತಂದು ಕೂರಿಸಿದರಾಯಿತು, ನೊಣ ಹೊಸ ಎರಿ ಕಟ್ಟುತ್ತದೆ’ ಎನ್ನುವವರಿದ್ದಾರೆ. ಕಟ್ಟುತ್ತದೆ, ನಿಜ. ಆದರೆ ಯಾವುದರಿಂದ? ಒಂದು ಕಿಲೋ ಮೇಣ ಸ್ರವಿಸಲು ನೊಣಗಳು ಆರರಿಂದ ಎಂಟು ಕಿಲೋ ಜೇನು ತಿನ್ನುತ್ತವೆ ಎಂಬುದು ಜೇನುಶಾಸ್ತ್ರದ ಪುಸ್ತಕಗಳಲ್ಲಿ ಬಳಕೆಯಲ್ಲಿರುವ ಲೆಕ್ಕ. ರಬ್ಬರಿನ ಚಿಗುರು ಎರಡು ತಿಂಗಳೊಳಗೆ ಮುಗಿಯುವಂಥದ್ದು. ಕಟ್ಟಿ ಸಿದ್ಧವಾದ ಎರಿ ಇದ್ದ ಕುಟುಂಬ ಮೊದಲ ದಿನದಿಂದಲೇ ಜೇನು ತುಂಬುತ್ತದೆ. ಇಲ್ಲದ ಕುಟುಂಬ ಆ ದಿನಗಳನ್ನು ಗೋಡೆ ಕಟ್ಟುವುದರಲ್ಲೇ ಕಳೆಯುತ್ತದೆ. ಆಗ ಸಾಕಿದವನ ಕೈಗೆ ಜೇನು ಕಡಿಮೆ ಬರುತ್ತದೆ. ಕಡಿಮೆ ಬಂದಾಗ ಅವನು ಮಾಡುವ ಕೆಲಸವೂ ನಮಗೆ ಗೊತ್ತಿದೆ: ಸಂಸಾರಕೋಣೆಯ ಮೇಲಂಚಿನಲ್ಲಿ ನೊಣಗಳು ತಮಗಾಗಿ ಇರಿಸಿಕೊಂಡ ಪಟ್ಟಿಗೂ ಕೈ ಹಾಕುತ್ತಾನೆ. ಆ ಕುಟುಂಬ ಹಸಿದ ಹೊಟ್ಟೆಯಲ್ಲಿ ಮಳೆಗಾಲವನ್ನು ಪ್ರವೇಶಿಸುತ್ತದೆ, ಮೇಲಂತಸ್ತಿನ ಹುಳು ಕೆಳಗಿಳಿಯುತ್ತದೆ, ಒಂದು ದಿನ ಬಿಸಿಲು ಬಿದ್ದಾಗ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ತುಡುವೆ ಜೇನಿನ ಸ್ವಭಾವವೇ ಅದು; ಇದ್ದಲ್ಲಿ ಸುಖವಿಲ್ಲದಿದ್ದರೆ ಮನೆ ಬದಲಿಸುತ್ತದೆ.

ಖಾಲಿಯಾದ ಪೆಟ್ಟಿಗೆಗೆ ಅಕ್ಟೋಬರಿನಲ್ಲಿ ಹೊಸ ಕುಟುಂಬ ಬೇಕು. ಅದು ಬರುವುದು ಎಲ್ಲಿಂದ? ಸಾಕಿದ ಕುಟುಂಬವನ್ನು ವಿಭಜಿಸಿ ಮಾರುವ ಅನುಭವಿಗಳು ಇದ್ದಾರೆ. ಆದರೆ ಅವರಲ್ಲಿ ಸಿಗುವುದಕ್ಕಿಂತ ಬೇಡಿಕೆ ದೊಡ್ಡದು. ಮೇಣ ಸವರಿದ ಮಡಕೆಯನ್ನು ಮರದ ಕವಲಿನಲ್ಲಿಟ್ಟು, ಪಾಲಾಗಿ ಬಂದ ಹಿಂಡನ್ನು ಹಿಡಿಯುವುದು ನಮ್ಮ ಹಿರಿಯರ ಸೌಮ್ಯ ವಿಧಾನ. ಅದಕ್ಕೆ ತಾಳ್ಮೆ ಬೇಕು. ಉಳಿದ ಬೇಡಿಕೆಯನ್ನು ಪೂರೈಸುವುದು ಮರದ ಪೊಟರೆ, ಹುತ್ತ, ಮುರಕಲ್ಲಿನ ಸಂದು. ಪೊಟರೆಯ ಬಾಯಿ ಕೊಡಲಿಯಿಂದ ಅಗಲವಾದ ಮೇಲೆ ಅಲ್ಲಿ ಮತ್ತೆ ಜೇನು ಕೂರುವುದಿಲ್ಲ. ಮಳೆನೀರು ನುಗ್ಗಿ ಮರವೂ ಕೆಡುತ್ತದೆ. ಹೀಗೆ ಮೇ ತಿಂಗಳ ಕೊನೆಯ ವಾರದಲ್ಲಿ ಮಾಡದೆ ಬಿಟ್ಟ ಅರ್ಧ ದಿನದ ಕೆಲಸ ಅಕ್ಟೋಬರಿನಲ್ಲಿ ಕಾಡಿನ ಒಂದು ಹಳೆಯ ಮರದ ಬುಡದಲ್ಲಿ ಬಂದು ಮುಗಿಯುತ್ತದೆ. ಜೇನು ಸಾಕಿದರೆ ಕಾಡು ಉಳಿಯುತ್ತದೆ ಎಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಪ್ರತಿ ಮಳೆಗಾಲದಲ್ಲಿ ಕುಟುಂಬ ಕಳೆದುಕೊಂಡು ಪ್ರತಿ ಬೇಸಗೆಯಲ್ಲಿ ಕಾಡಿನಿಂದ ತರುವುದಾದರೆ ಅದು ಜೇನು ಸಾಕಣೆಯಲ್ಲ, ಕಂತುಕಂತಾಗಿ ಮಾಡುವ ಜೇನು ಬೇಟೆ.

ಕಾಡಿನ ಕುಟುಂಬಗಳ ಬೆಲೆಯನ್ನು 1991–92ರಲ್ಲಿ ನಾವು ಕಂಡಿದ್ದೇವೆ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿಹಾಕಿತು. ಕೊಡಗಿನಿಂದ ಕರಾವಳಿಯವರೆಗೆ ಪೆಟ್ಟಿಗೆಗಳು ಖಾಲಿಯಾದವು, ಅನೇಕರು ಜೇನಿನ ಸಹವಾಸವನ್ನೇ ಬಿಟ್ಟರು. ಆಮೇಲೆ ನಿಧಾನವಾಗಿ ಚೇತರಿಕೆ ಬಂದದ್ದು ಯಾವ ಔಷಧದಿಂದಲೂ ಅಲ್ಲ, ರೋಗವನ್ನು ತಾಳಿಕೊಂಡು ಉಳಿದ ಕುಟುಂಬಗಳಿಂದ. ಅಂಥ ಮೂಲಧನ ಇರುವ ಪೊಟರೆಗೆ ಕೊಡಲಿ ಹಾಕುವ ಮೊದಲು ನಾವು ಎರಡು ಸಲ ಯೋಚಿಸಬೇಕು.

ಇನ್ನು ಎತ್ತಿಡುವ ಕೆಲಸಕ್ಕೆ ಬರೋಣ. ತುಳುನಾಡಿನಲ್ಲಿ ಇದಕ್ಕೆ ಬೇರೆ ಮುಹೂರ್ತ ಹುಡುಕಬೇಕಾಗಿಲ್ಲ, ಪತ್ತನಾಜೆ ಇದೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಹೊತ್ತಿಗೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ವೇಷಭೂಷಣ ಪೆಟ್ಟಿಗೆ ಸೇರುತ್ತದೆ. ಜೇನುಪೆಟ್ಟಿಗೆಯ ಸೂಪರ್ ಇಳಿಯಬೇಕಾದದ್ದೂ ಅದೇ ವಾರ.

ಕೊನೆಯ ಜೇನು ತೆಗೆದ ಎರಿಗಳನ್ನು ಸಂಜೆಯ ಹೊತ್ತು ಅದೇ ಕುಟುಂಬಕ್ಕೆ ಮರಳಿ ಕೊಟ್ಟರೆ ಒಂದೆರಡು ದಿನದಲ್ಲಿ ನೊಣಗಳೇ ನೆಕ್ಕಿ ಒಣಗಿಸುತ್ತವೆ. ಅಂಗಳದಲ್ಲಿ ಹರಡಿ ಇಡುವ ಅಭ್ಯಾಸವನ್ನು ಬಿಡಬೇಕು. ಅದರಿಂದ ಕುಟುಂಬಗಳ ನಡುವೆ ಕಳ್ಳತನ, ಕಾದಾಟ ಹುಟ್ಟುತ್ತದೆ, ಒಂದರ ರೋಗ ಇನ್ನೊಂದಕ್ಕೆ ದಾಟುತ್ತದೆ. ಆಮೇಲೆ ಎರಿಗಳನ್ನು ಬೆಳಕಿಗೆ ಹಿಡಿದು ವಿಂಗಡಿಸಬೇಕು. ಬೆಳಕು ದಾಟದಷ್ಟು ಕಪ್ಪಾದದ್ದು, ಮರಿ ಬೆಳೆದದ್ದು, ರೋಗ ಬಂದ ಕುಟುಂಬದ್ದು — ಇವನ್ನು ಉಳಿಸುವ ಆಸೆಯೇ ಬೇಡ, ಕರಗಿಸಿ ಮೇಣ ಮಾಡುವುದು ಲೇಸು. ಆ ಮೇಣ ಮಡಕೆಗೆ ಸವರಲು ಬರುತ್ತದೆ. ಬಿಳಿಯಾಗಿ, ನೇರವಾಗಿ ಕಟ್ಟಿದ ಎರಿಗಳಷ್ಟೇ ಅಟ್ಟಕ್ಕೆ ಯೋಗ್ಯ.

ನಮ್ಮ ಪೆಟ್ಟಿಗೆಗಳು ಬಹಳಷ್ಟು ಸಣ್ಣ ಅಳತೆಯವು. ತಿರುಚಿನಾಪಳ್ಳಿಯ ಸಂತ ಜೋಸೆಫರ ಕಾಲೇಜಿನ ಫಾದರ್ ನ್ಯೂಟನ್ 1910ರ ಸುಮಾರಿಗೆ ತುಡುವೆ ಜೇನಿಗೆಂದೇ ರೂಪಿಸಿದ ಪೆಟ್ಟಿಗೆಯ ವಂಶದವು. ಅದರ ಸೂಪರಿನ ಚೌಕಟ್ಟು ಒಂದು ಗೇಣಿನಷ್ಟೇ ಉದ್ದ. ಹೀಗಾಗಿ ಪಶ್ಚಿಮದವರಿಗೆ ಹಿಮ ಮಾಡಿಕೊಡುವ ಕೆಲಸವನ್ನು ನಮ್ಮಲ್ಲಿ ಮನೆಯ ಫ್ರಿಜ್ಜಿನ ಮೇಲ್ಭಾಗದ ಮಂಜುಗಡ್ಡೆ ಪೆಟ್ಟಿಗೆ ಮಾಡಬಲ್ಲದು. ಮೈನಸ್ 15 ಡಿಗ್ರಿಯಲ್ಲಿ ಎರಡು ಗಂಟೆ ಇದ್ದರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಮನೆಯ ಫ್ರಿಜ್ಜಿನಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಸಂದೇಹವಿರದು. ನಾಲ್ಕಾರು ಚೌಕಟ್ಟುಗಳನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುವುದು, ಹೊರತೆಗೆದ ಮೇಲೆ ಕೋಣೆಯ ಹದಕ್ಕೆ ಬರುವ ತನಕ ಚೀಲ ಬಿಚ್ಚದಿರುವುದು — ಇಲ್ಲವಾದರೆ ತೇವ ಕೂತು ಬೂಸಲು ಹಿಡಿಯುತ್ತದೆ. ಹೆಪ್ಪುಗಟ್ಟಿದ ಎರಿ ಗಾಜಿನಂತೆ ಒಡೆಯುತ್ತದೆ, ಜೋಪಾನ. ಗಾಳಿ ಮಳೆಗೆ ಮೂರು ದಿನ ವಿದ್ಯುತ್ ಇಲ್ಲದಿರುವ ನಮ್ಮ ಊರುಗಳಲ್ಲಿ ಈ ಕೆಲಸವನ್ನು ಜೂನ್‌ಗೆ ಮುಂದೂಡುವುದು ಜಾಣತನವಲ್ಲ. ಪೆಟ್ಟಿಗೆ ನಲ್ವತ್ತು ಐವತ್ತು ಇರುವವರಿಗೆ ಫ್ರಿಜ್ಜು ಸಾಲದು. ಅವರಿಗೆ ಗಂಧಕದ ಹೊಗೆ ಇದೆ. ಸೂಪರುಗಳನ್ನು ಅಂಗಳದಲ್ಲಿ ಪೇರಿಸಿ, ಸಂದುಗಳಿಗೆ ಕಾಗದ ಮೆತ್ತಿ, ಮೇಲೆ ಖಾಲಿ ಸೂಪರಿನೊಳಗೆ ಕೆಂಡದ ಮೇಲೆ ಗಂಧಕ ಸುಡುವುದು. ಆ ಹೊಗೆ ಗಾಳಿಗಿಂತ ಭಾರ, ಕೆಳಗಿಳಿಯುತ್ತದೆ. ಮನೆಯೊಳಗೆ ಎಂದೂ ಕೂಡದು, ಉಸಿರಾಟಕ್ಕೆ ಅಪಾಯ. ಕೆಂಡ ಬಿದ್ದರೆ ಮೇಣ ಹೊತ್ತಿಕೊಳ್ಳುತ್ತದೆ. ಇನ್ನೊಂದು ಕೊರತೆಯೆಂದರೆ ಗಂಧಕ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಎರಡು ವಾರದ ಅನಂತರ ಮತ್ತೊಮ್ಮೆ ಹೊಗೆ ಕೊಡದಿದ್ದರೆ ಮೊದಲಿನ ಶ್ರಮ ವ್ಯರ್ಥ.

ಎಲ್ಲಿಡಬೇಕು ಎಂಬುದಕ್ಕೆ ಪ್ರತಿ ಮನೆಯಲ್ಲೂ ಒಂದೇ ಉತ್ತರ: ಅಟ್ಟ. ಬಚ್ಚಲೊಲೆಯ ಹೊಗೆ ತಾಗುವ ಅಟ್ಟದಲ್ಲಿ ಖಾಲಿ ಪೆಟ್ಟಿಗೆಯ ಮರ, ಹೊಗೆತಿದಿ, ಮುಖಪರದೆ ಇವು ಒಣಗಿ ಚೆನ್ನಾಗಿರುತ್ತವೆ. ಎರಿಯನ್ನು ಮಾತ್ರ ಅಲ್ಲಿಡಬಾರದು, ಹೊಗೆಯ ವಾಸನೆ ಮೇಣಕ್ಕೆ ಹತ್ತಿ ಮರುವರ್ಷದ ಜೇನಿನಲ್ಲಿ ಕಾಣಿಸಿಕೊಳ್ಳುತ್ತದೆ. ತಗಡು ಶೀಟಿನ ಮಾಡಿನಡಿಯೂ ಆಗದು. ಮೇ ತಿಂಗಳ ಬಿಸಿಲಿಗೆ ಎರಿ ಬಾಗಿಬಿಡುತ್ತದೆ. ಹಂಚಿನ ಮಾಡಿನ, ಗಾಳಿ ಬೆಳಕಾಡುವ ಜಗಲಿಯ ಮೇಲೆ ಬಿದಿರ ಗಳಕ್ಕೆ ಚೀಲಗಳನ್ನು ತೂಗುಹಾಕಿದರೆ ಇಲಿ ಇರುವೆಗಳ ಕಾಟವೂ ತಪ್ಪುತ್ತದೆ. ಚೀಲವಿಲ್ಲದೆ ಇಡುವುದಾದರೆ ಎರಿಯಿಂದ ಎರಿಗೆ ಒಂದು ಬೆರಳಿನ ಅಂತರ ಬಿಟ್ಟು, ಬೆಳಕು ಗಾಳಿ ಆಡುವಂತೆ ನೇತುಹಾಕಬೇಕು, ಪತಂಗಕ್ಕೆ ಬೇಕಾದದ್ದು ಕತ್ತಲೆ ಮತ್ತು ನಿಂತ ಗಾಳಿ. ಹದಿನೈದು ದಿನಕ್ಕೊಮ್ಮೆ ನೋಡುತ್ತಿರಬೇಕು. ತುಸು ಬೂಸಲು ಬಂದರೆ ಹೆದರಬೇಕಾಗಿಲ್ಲ, ಅದನ್ನು ಮುಂದೆ ನೊಣಗಳೇ ಉಜ್ಜಿ ತೆಗೆಯುತ್ತವೆ. ಜೇನು ತೆಗೆಯುವ ಯಂತ್ರವನ್ನು ಮೊದಲು ತಣ್ಣೀರಿನಲ್ಲಿ ತೊಳೆದು ಅನಂತರ ಬಿಸಿನೀರು ಹಾಕಬೇಕೆಂಬುದನ್ನು ಮರೆಯುವವರು ಬಹಳ. ನೇರವಾಗಿ ಬಿಸಿನೀರು ಸುರಿದರೆ ಮೇಣ ಕರಗಿ ಒಳಗೋಡೆಗೆ ಅಂಟಿ ಕೂರುತ್ತದೆ. ಹಲ್ಲಿನ ಚಕ್ರಕ್ಕೆ ತೆಂಗಿನೆಣ್ಣೆ ಸಾಕು.

ಎರಡು ವಿಷಯದಲ್ಲಿ ನಮ್ಮ ನಿಲುವು ಕಟುವಾದದ್ದು. ಒಂದು, ನುಸಿಗುಳಿಗೆ. ಬಟ್ಟೆಯ ಕಪಾಟಿಗೆ ಹಾಕುವ ನ್ಯಾಫ್ತಲೀನ್ ಗುಳಿಗೆಯನ್ನು ಸೂಪರಿನ ಮೂಲೆಗಿಟ್ಟು ನಿಶ್ಚಿಂತರಾಗುವವರಿದ್ದಾರೆ. ಮೇಣವು ಕೊಬ್ಬಿನಂಥ ವಸ್ತು. ಇಂತಹ ರಾಸಾಯನಿಕಗಳನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಮುಂದಿನ ಬೇಸಗೆಯಲ್ಲಿ ಜೇನಿಗೆ ಬಿಟ್ಟುಕೊಡುತ್ತದೆ. ಇದೇ ಜಾತಿಯ ಇನ್ನೊಂದು ಗುಳಿಗೆಯಾದ ಪ್ಯಾರಾಡೈಕ್ಲೋರೋಬೆಂಜಿನ್‌ನ ಶೇಷ ಯುರೋಪಿನ ಜೇನಿನಲ್ಲಿ ಪತ್ತೆಯಾಗಿ ಅಲ್ಲಿ ದೊಡ್ಡ ರಾದ್ಧಾಂತವಾಯಿತು. ಎರಡು, ವಿಷದ ಕೋಣೆ. ಮೈಲುತುತ್ತಿನ ಚೀಲ, ಸ್ಪ್ರೇಯರು, ಕೀಟನಾಶಕದ ಬಾಟಲಿ ಇರುವ ಅದೇ ತೋಟದ ಕೊಟ್ಟಿಗೆಯಲ್ಲಿ ಎರಿಯನ್ನೂ ತೂಗುಹಾಕುವುದು ಅವಿವೇಕ. ಕಾಸರಗೋಡಿನ ಗೇರುತೋಟಗಳ ಮೇಲೂ ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆಗಳ ಸುತ್ತಲೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ದಿನಗಳನ್ನು ಈ ಸೀಮೆ ಮರೆತಿಲ್ಲ. 2000ನೇ ಇಸವಿಯ ಹೊತ್ತಿಗೆ ಆ ಸಿಂಪಡಣೆ ನಿಂತಿತು, 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ಉತ್ಪಾದನೆ, ಮಾರಾಟ, ಬಳಕೆಗಳಿಗೆ ದೇಶವ್ಯಾಪಿ ತಡೆ ಹಾಕಿತು. ಆಕಾಶದಿಂದ ಬಿದ್ದ ವಿಷದ ವಿರುದ್ಧ ಅಷ್ಟು ದೀರ್ಘವಾಗಿ ಹೋರಾಡಿದ ಜನ ತಮ್ಮ ಕೈಯಾರೆ ಜೇನುಪೆಟ್ಟಿಗೆಗೆ ವಿಷ ಇಡುವುದನ್ನು ನೋಡುತ್ತ ಸುಮ್ಮನಿರಲಾಗದು.

ಸರಕಾರದ ಯೋಜನೆಗಳ ಬಗ್ಗೆಯೂ ಒಂದು ಮಾತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2017ರಲ್ಲಿ ಜೇನು ಅಭಿಯಾನ ಆರಂಭಿಸಿತು. 2020ರಲ್ಲಿ ಕೇಂದ್ರ ಸರಕಾರ ಜೇನುಕೃಷಿಗೆ 500 ಕೋಟಿ ರೂಪಾಯಿ ಘೋಷಿಸಿತು. ರಾಜ್ಯದ ತೋಟಗಾರಿಕೆ ಇಲಾಖೆಯ ಸಹಾಯಧನವೂ ಇದೆ. ಇವೆಲ್ಲ ಸ್ವಾಗತಾರ್ಹ. ಆದರೆ ಪ್ರಕಟಣೆಗಳಲ್ಲಿ ಎದ್ದು ಕಾಣುವುದು ಹಂಚಿದ ಪೆಟ್ಟಿಗೆಗಳ ಸಂಖ್ಯೆ. ಅಕ್ಟೋಬರಿನಲ್ಲಿ ಎಷ್ಟರಲ್ಲಿ ನೊಣ ಉಳಿದಿತ್ತು ಎಂಬ ಲೆಕ್ಕ ಕೇಳಿದರೆ ಯೋಜನೆಯ ನಿಜವಾದ ಫಲ ತಿಳಿದೀತು. ತರಬೇತಿ ಶಿಬಿರಗಳಲ್ಲಿ ಕುಟುಂಬ ಹಿಡಿಯುವುದು, ಜೇನು ತೆಗೆಯುವುದು ಕಲಿಸುತ್ತಾರೆ, ಫೋಟೋಗೂ ಚೆನ್ನ. ಮೇ ಕೊನೆಯ ವಾರದಲ್ಲಿ ಅರ್ಧ ದಿನದ ಇನ್ನೊಂದು ಶಿಬಿರ, ಊರಿಗೊಂದು ದೊಡ್ಡ ಶೈತ್ಯಪೆಟ್ಟಿಗೆ — ಇಷ್ಟಕ್ಕೆ ಬೇಕಾಗುವ ಹಣ ಹೆಚ್ಚಲ್ಲ. ಮೀನು ಮಾರುವವರಲ್ಲಿ, ಐಸ್‌ಕ್ರೀಮ್ ಅಂಗಡಿಯಲ್ಲಿ ಇರುವ ಪೆಟ್ಟಿಗೆಯೇ ಸಾಕು. ಹಾಲಿನ ಸಂಘ, ಜೇನು ಸಹಕಾರ ಸಂಘಗಳನ್ನು ಕಟ್ಟಿದ ಈ ಸೀಮೆಗೆ ಹತ್ತು ಮನೆಯವರು ಒಂದು ವಾರ ಸರದಿಯಲ್ಲಿ ಬಳಸುವ ವ್ಯವಸ್ಥೆ ಕಷ್ಟವಾಗಬಾರದು.

ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಕೆಲಸವಿದೆ. ಊರಿನ ಹತ್ತು ಮನೆಗಳಲ್ಲಿ ಮೇ ತಿಂಗಳಲ್ಲಿ ಎತ್ತಿಟ್ಟ ಎರಿಗಳಿಗೆ ಗುರುತು ಹಾಕಿ, ಎಲ್ಲಿ, ಹೇಗೆ ಇಟ್ಟದ್ದು ಎಂದು ಬರೆದುಕೊಳ್ಳಿ. ಅಕ್ಟೋಬರಿನಲ್ಲಿ ಎಷ್ಟು ಉಳಿದವು ಎಂದು ಎಣಿಸಿ. ಕುಟುಂಬ ಉಳಿಯಿತೇ, ಹಾರಿತೇ, ಹೊಸದು ಎಲ್ಲಿಂದ ಬಂತು ಎಂಬುದನ್ನೂ ಸೇರಿಸಿ. ನಮ್ಮ ಮಳೆಗೆ, ನಮ್ಮ ಅಟ್ಟಕ್ಕೆ ಹೊಂದುವ ಅಂಕಿಅಂಶ ಹುಟ್ಟುವುದು ಹಾಗೆ.

ಎರಿ ಇಳಿಸಿದ ಮೇಲೆ ಕುಟುಂಬವನ್ನು ಮರೆಯುವಂತಿಲ್ಲ. ನೊಣ ಮುಚ್ಚಿದಷ್ಟೇ ಎರಿ ಉಳಿಸಿ ಹಲಗೆ ಕೊಟ್ಟು ಕೋಣೆಯನ್ನು ಕಿರಿದು ಮಾಡಬೇಕು, ವಾರಕ್ಕೊಮ್ಮೆ ಅಡಿಹಲಗೆಯ ಕಸ ಗುಡಿಸಬೇಕು, ಏಕೆಂದರೆ ಪತಂಗದ ಮೊದಲ ಮನೆ ಆ ಕಸವೇ. ಆಹಾರ ತೀರಿದ ಕುಟುಂಬಕ್ಕೆ ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆಯನ್ನು ಅಷ್ಟೇ ನೀರಿನಲ್ಲಿ ಕರಗಿಸಿ ಸಂಜೆ ಕೊಡುವುದು ವಾಡಿಕೆ. ಸಕ್ಕರೆ ಆಪತ್ಕಾಲದ ಗಂಜಿ, ಅನ್ನವಲ್ಲ. ಸಂಸಾರಕೋಣೆಯ ಜೇನನ್ನು ಮುಟ್ಟದೆ ಬಿಟ್ಟವರಿಗೆ ಅದರ ಅಗತ್ಯ ಕಡಿಮೆ. ಸ್ಟ್ಯಾಂಡಿನ ಕಾಲಿನ ಬಟ್ಟಲಲ್ಲಿ ನೀರಿದೆಯೇ ಎಂದು ಜಡಿಮಳೆಯಲ್ಲೂ ನೋಡಬೇಕು. ಮಳೆಗೆ ಕೊಚ್ಚಿ ಬಂದ ತರಗೆಲೆ ಬಟ್ಟಲಿಗೆ ಸೇತುವೆಯಾಗಿ ಇರುವೆ ದಾಟುತ್ತದೆ.

ಸೋಣ ಕಳೆದು ನಿರ್ನಾಲದಲ್ಲಿ ಬಿಸಿಲು ನಿಂತ ಮೇಲೆ ಚೀಲ ಬಿಚ್ಚಿ, ಎರಿಗಳನ್ನು ಎರಡು ದಿನ ನೆರಳಿನ ಗಾಳಿಗೆ ಇಡಿ. ಗಂಧಕ ಕೊಟ್ಟದ್ದಾದರೆ ಇನ್ನೂ ಎರಡು ದಿನ. ಎಲ್ಲವನ್ನೂ ಒಮ್ಮೆಗೇ ಕುಟುಂಬದ ಮೇಲೆ ಹೇರಬೇಡಿ. ಗೇರು ಹೂಬಿಡುವುದನ್ನು ಕಾದು, ಸಂಸಾರಕೋಣೆ ನೊಣದಿಂದ ತುಂಬಿತೆಂದು ಕಂಡ ಮೇಲೆ ಸೂಪರ್ ಏರಿಸಿ, ಮೊದಲು ಎರಡು ಎರಿ ಕೊಡಿ. ಅವು ತುಂಬಿದಂತೆ ಉಳಿದವು.